ಕನ್ನಡಕದಕ್ಕ ನಿಘಂಟು ತೆರೆದದ್ದು

ಕನ್ನಡಕದಕ್ಕನಿಗೆ ಯಾವುದನ್ನೂ ಪೂರ್ತಿ ಮಾಡಿ ಅಭ್ಯಾಸವಿಲ್ಲ. ಅರ್ಧ ಕುಡಿದ ಟೀ ಲೋಟಗಳು ಅಂಗಡಿಯ ಕೌಂಟರಿನ ಮೇಲೆ, ಕನ್ನಡಿಯ ಹಿಂದೆ, ಒಮ್ಮೊಮ್ಮೆ ಫ್ರೇಮುಗಳ ಡ್ರಾಯರಿನ ಒಳಗೂ ಸಿಗುತ್ತವೆ. ಫೋನಿನಲ್ಲಿ ಮಾತಾಡುತ್ತಿದ್ದವಳು "ಇರು, ಬಂದೆ" ಎಂದು ಇಟ್ಟಳೆಂದರೆ ಆ ಕಡೆಯವರು ಕಾದದ್ದೇ ಬಂತು. ಡಿಗ್ರಿಯನ್ನು ಮಧ್ಯಕ್ಕೆ ಬಿಟ್ಟಳು. ಟೈಪಿಂಗ್ ಕಲಿಯಲು ಹೋಗಿ, ಬೆರಳು ಓಡಿದಷ್ಟು ಬೇಗ ಮಿಷನ್ ಓಡುವುದಿಲ್ಲವೆಂದು ಜಗಳ ಮಾಡಿಕೊಂಡು ಬಂದಳು. ಬ್ಯಾಂಕಿನಲ್ಲಿ ಸಿಕ್ಕಿದ್ದ ಒಳ್ಳೆಯ ಕೆಲಸಕ್ಕೆ, ಅಲ್ಲಿನ ಗಡಿಯಾರ ನಿಧಾನ ಎಂಬ ಕಾರಣ ಕೊಟ್ಟು ಕೈ ಮುಗಿದಳು. ಕಣ್ಣು ಪರೀಕ್ಷೆಯ ಕೋರ್ಸೊಂದನ್ನು ಮಾತ್ರ ಹೇಗೋ ದಡ ಮುಟ್ಟಿಸಿದಳು. ಅದೂ ಅದೇ ಕ್ಲಾಸಿನ ಹುಡುಗನೊಬ್ಬ ದಿನವೂ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದನೆಂಬ ಕಾರಣಕ್ಕೆ. ಆ ಹುಡುಗನೇ ಈಗ ಗಂಡ. ಇಬ್ಬರೂ ಸೇರಿ ನಡೆಸುವ ಅಂಗಡಿ ಎರಡು ರಸ್ತೆ ಕೂಡುವ ಮೂಲೆಯಲ್ಲಿದೆ. ಅವನು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾನೆ, ಅವಳು ಮುಂದಿನ ಕೋಣೆಯಲ್ಲಿ ಕಣ್ಣು ನೋಡುತ್ತಾಳೆ.

ಈ ಕೆಲಸ ಅವಳಿಗೆ ಒಗ್ಗಿದ್ದಕ್ಕೆ ಕಾರಣ ಒಂದೇ: ಇಲ್ಲಿ ಎಲ್ಲವೂ ಬೇಗ ಇತ್ಯರ್ಥವಾಗುತ್ತದೆ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು ಕೂರಿಸಬೇಕು, ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಸಿಕ್ಕಿಸಬೇಕು, "ಇದು ಚೆನ್ನಾಗಿದೆಯಾ, ಇದಾ?" ಎನ್ನಬೇಕು. ಅವರು "ಇದು" ಎಂದರೆ ಮುಗಿಯಿತು. ಮೈನಸ್ ಎರಡು ಎಂದರೆ ಲೋಕದ ಯಾವ ಮೂಲೆಗೆ ಹೋದರೂ ಮೈನಸ್ ಎರಡೇ. "ಎರಡೂ ಒಂದೇ ಥರ ಕಾಣತ್ತಮ್ಮ" ಎನ್ನುವ ಗಿರಾಕಿಗಳನ್ನು ಕಂಡರೆ ಮಾತ್ರ ಅವಳಿಗೆ ಮೈ ಉರಿಯುತ್ತದೆ. "ಒಂದೇ ಥರ ಹೇಗ್ರೀ ಕಾಣತ್ತೆ? ಇನ್ನೊಂದ್ಸಲ ನೋಡಿ" ಎಂದು ಅವರ ಕಣ್ಣನ್ನೇ ಗದರಿಸುತ್ತಾಳೆ.

ಇಂಥವಳ ಅಪ್ಪ ಸಂಸ್ಕೃತದ ಮೇಷ್ಟ್ರು. ನಿಧಾನವೇ ಮನುಷ್ಯನ ರೂಪ ತಾಳಿದಂತಿದ್ದರು. ಶಾಲೆಗೆ ನಡೆದುಕೊಂಡೇ ಹೋಗಿ ನಡೆದುಕೊಂಡೇ ಬರುತ್ತಿದ್ದರು. ಮನೆಯಲ್ಲಿ ಬೇಕು ಬೇಡ ಎಂಬ ಎರಡು ಮಾತಿನಲ್ಲಿ ದಿನ ದೂಡುತ್ತಿದ್ದರು. ಇದ್ದ ಗಂಟಲನ್ನೆಲ್ಲ ಶಾಲೆಯಲ್ಲೇ ಖರ್ಚು ಮಾಡಿ ಬರುತ್ತಾರೆ ಎಂದು ಅಮ್ಮ ಬೈಯುತ್ತಿದ್ದಳು. ಹೈಸ್ಕೂಲಿಗೆ ಸೇರುವಾಗ ಮಗಳು ಒಮ್ಮೆ, ಒಂದೇ ಒಮ್ಮೆ, "ನಾನೂ ನಿಮ್ಮ ಕ್ಲಾಸಿಗೆ ಬರ್ಲಾ ಅಪ್ಪ?" ಎಂದು ಕೇಳಿದ್ದಳು. ಅವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ, "ಬೇಡ. ನೀನು ಇಂಗ್ಲಿಷು ಕಲಿ. ಇದನ್ನ ನಂಬಿ ನಾನು ಕೆಟ್ಟಿದ್ದು ಸಾಕು" ಎಂದು ಕಡ್ಡಿ ಮುರಿದಂತೆ ಹೇಳಿ ಹೋದರು. ಊರಿನ ಮಕ್ಕಳಿಗೆಲ್ಲ ಬಾಯಿ ಬಿಡುವ ಅಪ್ಪ ತನಗೆ ಮಾತ್ರ ಬಾಗಿಲು ಹಾಕಿದರು ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಆಮೇಲೆ ಅವಳು ಎಷ್ಟೇ ಓಡಾಡಲಿ, ಆ ಸಿಟ್ಟು ಮಾತ್ರ ಕೂತಲ್ಲಿಂದ ಕದಲಲಿಲ್ಲ. ಇಂಗ್ಲಿಷನ್ನೇ ಹಟ ಹಿಡಿದು ಕಲಿತಳು. ಪೇಪರು ಇಂಗ್ಲಿಷು, ಕಥೆ ಪುಸ್ತಕ ಇಂಗ್ಲಿಷು, ಅಂಗಡಿಯ ಲೆಕ್ಕ ಇಂಗ್ಲಿಷು. ಕನ್ನಡ ಬಾಯಲ್ಲಿ ನೀರಿನಂತೆ ಹರಿಯುತ್ತಿತ್ತು, ಕಾಗದದ ಮೇಲೆ ಕಂಡರೆ ಮಾತ್ರ ಅವಳ ಕಣ್ಣು ಓಡುವುದನ್ನು ಬಿಟ್ಟು ತೆವಳುತ್ತಿತ್ತು.

ಅಪ್ಪ ರಿಟೈರಾದ ಮೇಲೆ ಎಲ್ಲರೂ ಅಂಗಡಿಯ ಮೇಲಿನ ಮನೆಯಲ್ಲೇ ಇದ್ದರು. ಒಂದು ಬೆಳಗ್ಗೆ ಅವರು ಸ್ನಾನದ ಮನೆಯಿಂದ ಹೊರಗೆ ಬರುವಾಗ ಬಾಗಿಲ ಹಿಡಿಯನ್ನು ಹಿಡಿದವರು ಹಾಗೇ ಜಾರಿ ಕೂತರು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು ಎಂದೇ ಎಲ್ಲರೂ ಅಂದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ದಿನಕ್ಕೆ, ಅಮ್ಮ ಗಂಜಿ ಕುಡಿಸುತ್ತಿದ್ದಾಗ, ಅವರ ಬಾಯಿಂದ ಮಾತೊಂದು ಹೊರಬಂತು. ಅಮ್ಮ ಚಮಚ ಬಿಸಾಕಿ ಮೆಟ್ಟಿಲ ತುದಿಗೆ ಓಡಿ ಬಂದಳು.

"ಮಾತಾಡಿದ್ರು ಕಣೇ! ಬಾರೇ ಬೇಗ!"

ಅಕ್ಕ ಗಿರಾಕಿಯ ಮೂಗಿನ ಮೇಲೆ ಫ್ರೇಮು ಹಾಗೇ ಬಿಟ್ಟು ಮೇಲಕ್ಕೆ ಹಾರಿದಳು. ಅಪ್ಪ ದಿಂಬಿಗೆ ಒರಗಿದ್ದರು. ಒಂದು ಕಡೆಗೆ ವಾಲಿದ ಬಾಯಿಂದ, ಉಗುಳು ಬೆರೆತ, ತೊದಲುವ ದನಿಯಲ್ಲಿ ಹೇಳಿದರು: "ಶ್ವೋ ಮೇ ಸುಹೃದೇಷ್ಯತಿ."

"ಏನಂತೆ?" ಎಂದಳು ಅಮ್ಮ.

"ಯಾರಿಗೆ ಗೊತ್ತು? ಅಪ್ಪ, ಕನ್ನಡದಲ್ಲಿ ಹೇಳಿ. ನೀರಾ? ಬಾತ್‌ರೂಮಾ?"

"ಶ್ವೋ ಮೇ ಸುಹೃದೇಷ್ಯತಿ" ಎಂದು ಅವರು ಮತ್ತೆ ಹೇಳಿದರು. ಹೇಳಿ ಸುಮ್ಮನಾದರು. ಇವರಿಬ್ಬರೂ ಮುಖ ಮುಖ ನೋಡಿಕೊಂಡು ನಿಂತದ್ದು ಕಂಡು, ಸರಿಯಿದ್ದ ಎಡಗೈಯಿಂದ ಮಂಚದ ಅಂಚನ್ನು ಪಟಪಟ ಬಡಿದರು.

ಅಂದಿನಿಂದ ಅದೇ ಆಯಿತು. ಬೆಳಗ್ಗೆ ಎದ್ದರೆ ಆ ಮಾತು, ಊಟಕ್ಕೆ ಮೊದಲು ಆ ಮಾತು, ಯಾರು ಕೋಣೆಗೆ ಕಾಲಿಟ್ಟರೂ ಆ ಮಾತು. ಹೇಳುವುದು, ಕಾಯುವುದು, ಸಿಟ್ಟಾಗಿ ಮಂಚ ಬಡಿಯುವುದು. ಏನೋ ಬೇಕಾಗಿದೆ, ತಾವು ಕೊಡುತ್ತಿಲ್ಲ ಎಂದು ಅಮ್ಮನಿಗೆ ಕಣ್ಣೀರು. ಡಾಕ್ಟರನ್ನು ಕೇಳಿದರೆ, "ಒಳಗೆ ಯಾವ ಮಾತು ಉಳಿದಿರತ್ತೆ ಅಂತ ಹೇಳೋಕಾಗಲ್ಲ. ಏನೋ ಹೇಳೋಕೆ ನೋಡ್ತಿದ್ದಾರೆ. ಕಿವಿ ಕೊಟ್ಟು ಕೇಳಿ" ಎಂದರು. ಅಪ್ಪನ ಹಳೆಯ ಶಾಲೆಗೆ ಫೋನು ಮಾಡಿದರೆ ಸಂಸ್ಕೃತ ತೆಗೆದುಹಾಕಿ ವರ್ಷಗಳಾದುವು, ಆ ಕೋಣೆಯಲ್ಲೀಗ ಕಂಪ್ಯೂಟರ್ ಇದೆ ಎಂದರು. ಗಂಡ ತನ್ನ ಮೊಬೈಲನ್ನು ಮಾವನ ಬಾಯಿಗೆ ಹಿಡಿದ. ಅದು ಆ ತೊದಲನ್ನು ಕೇಳಿ, ಯೋಚಿಸಿ, ಒಂದು ಲಾಡ್ಜಿನ ವಿಳಾಸ ಕೊಟ್ಟಿತು.

"ಬಿಡು, ಯಾರಾದರೂ ಪಂಡಿತರನ್ನ ಹುಡುಕೋಣ" ಎಂದ ಗಂಡ.

"ಯಾವ ಪಂಡಿತರೂ ಬೇಡ. ನಮ್ಮಪ್ಪ ನನಗೆ ಹೇಳ್ತಿರೋದು, ನಾನೇ ಹುಡುಕ್ತೀನಿ."

ಇಲ್ಲಿ ಅವಳ ಹೊಟ್ಟೆಯೊಳಗಿನ ಸಂಗತಿ ಹೊರಗೆ ಬಂತು. ಇಷ್ಟು ವರ್ಷ ತನ್ನ ಮುಖ ನೋಡಿ ನಾಲ್ಕು ಮಾತಾಡದ ಅಪ್ಪ ಈಗ ಏನನ್ನೋ ಹೇಳಲು ಮಂಚ ಬಡಿಯುತ್ತಿದ್ದಾರೆ. ಅದು ತನಗೇ ಇರಬೇಕು. ಅವರ ಉಸಿರು ನಿಲ್ಲುವ ಮೊದಲು ಅದೇನೆಂದು ತನಗೆ ಗೊತ್ತಾಗಬೇಕು, ಇನ್ನೊಬ್ಬರ ಬಾಯಿಂದಲ್ಲ, ತನ್ನ ಕೈಯಿಂದಲೇ. ಈ ಹಟಕ್ಕೆ ಬಿದ್ದವಳು ಹಳೆಯ ಪುಸ್ತಕದ ಅಂಗಡಿಗೆ ಹೋಗಿ, ಸಂಸ್ಕೃತದಿಂದ ಇಂಗ್ಲಿಷಿಗೆ ಅರ್ಥ ಕೊಡುವ ನಿಘಂಟೊಂದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದಳು. ಅದರಲ್ಲಿ ಸಂಸ್ಕೃತದ ಪದಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇದ್ದವು. ಒಳ್ಳೆಯದಾಯಿತು, ಇನ್ನೇನು ಅರ್ಧ ಗಂಟೆಯ ಕೆಲಸ ಎಂದುಕೊಂಡಳು.

ಪುಸ್ತಕ ಅವಳನ್ನು ಕಣ್ಣುಮುಚ್ಚಾಲೆ ಆಡಿಸಿತು. ಮೊದಲನೆಯದಾಗಿ, ಅಕ್ಷರ ಅಷ್ಟು ಸಣ್ಣದು; ಗಾಜಿನ ಗೀರು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳದೆ ಒಂದು ಸಾಲೂ ದಕ್ಕಲಿಲ್ಲ. ಎರಡನೆಯದು, ಅಕ್ಷರವೇನೋ ಇಂಗ್ಲಿಷು, ಅವು ನಿಂತ ಸಾಲು ಇಂಗ್ಲಿಷಿನದಲ್ಲ. ಎ ಆದ ಮೇಲೆ ಬಿ ಬರಲೇ ಇಲ್ಲ. ಬಿ ಎಲ್ಲೋ ಪುಸ್ತಕದ ಹೊಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಕೂತಿತ್ತು. ಎಸ್ ಮೂರು ಕಡೆ ಇತ್ತು, ಒಂದರ ನೆತ್ತಿಗೆ ಗೀಟು, ಒಂದರ ಕಾಲಡಿಗೆ ಚುಕ್ಕೆ, ಒಂದು ಬೋಳು. ಅವಳು ಮುಂದಕ್ಕೆ ಹಾರಿ, ಹಿಂದಕ್ಕೆ ಹಾರಿ, ಪುಟ ಹರಿಯುವಷ್ಟು ಸಿಟ್ಟಿನಲ್ಲಿ ಮಗುಚುತ್ತಿದ್ದುದನ್ನು ಅಮ್ಮ ಅಡುಗೆಮನೆಯ ಬಾಗಿಲಿಂದ ನೋಡಿದಳು.

"ಎಷ್ಟನೇ ಪುಟದಲ್ಲಿದೆ ಅಂತ ಇಷ್ಟು ಒದ್ದಾಡ್ತೀಯ?"

"ಇದಕ್ಕೆ ತಲೆ ಬುಡ ಇಲ್ಲಮ್ಮ. ಎ ಆದ್ಮೇಲೆ ಮತ್ತೆ ಎ, ಆಮೇಲೆ ಐ, ಮತ್ತೆ ಐ, ಆಮೇಲೆ ಯು."

ಅಮ್ಮ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತಳು. "ಅ ಆ ಇ ಈ ಉ ಊ. ಅಲ್ವೇನೇ?"

ಅಕ್ಕ ಭೂತಗನ್ನಡಿ ತೆಗೆದು ಅಮ್ಮನ ಮುಖ ನೋಡಿದಳು. ಆಮೇಲಿನ ದಿನಗಳಲ್ಲಿ ಕೆಲಸ ಹೀಗೆ ನಡೆಯಿತು: ಅಮ್ಮ ತರಕಾರಿ ಹೆಚ್ಚುತ್ತಾ ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಕ ಖ ಗ ಘ ಹೇಳುತ್ತಿದ್ದಳು, ಮಗಳು ಅದರ ತಾಳಕ್ಕೆ ಪುಟ ಮಗುಚುತ್ತಿದ್ದಳು. "ಯ ರ ಲ ವ ಆಯ್ತಾ? ಈಗ ಶ. ಹೊಟ್ಟೆ ಸೀಳಿದ ಷ ಅಲ್ಲ, ಅದಕ್ಕೂ ಮುಂಚಿನದು. ಮುಂದೆ ಹೋಗಬೇಡ, ತಡಿ!" ಅಕ್ಕ ಅಷ್ಟರಲ್ಲಾಗಲೇ ಹ ದಾಟಿ ರಟ್ಟಿಗೆ ಬಂದಿರುತ್ತಿದ್ದಳು.

ಪುಟ ಸಿಕ್ಕಿದರೂ ಗೋಳು ತಪ್ಪಲಿಲ್ಲ. ಒಂದೊಂದು ಪದಕ್ಕೂ ಒಂದು ಕೇರಿಯಷ್ಟು ಅರ್ಥ. ಕುದುರೆ ಎಂದು ಶುರುವಾದದ್ದು ಕೆಳಗೆ ಬರುವಷ್ಟರಲ್ಲಿ ಒಂದು ಬಗೆಯ ಗಿಡ, ಒಂದು ಬಗೆಯ ಮೀನು, ಒಬ್ಬ ರಾಜನ ಹೆಸರು ಎಲ್ಲವೂ ಆಗಿ ಕೂರುತ್ತಿತ್ತು. "ಒಂದು ಬಗೆಯ ಗಿಡ ಅಂದ್ರೆ ಯಾವ ಗಿಡ ಅಂತ ಬರೀಬೇಕಲ್ವಾ ಮನುಷ್ಯ! ನಾನು ಒಂದು ಬಗೆಯ ಪವರು ಅಂತ ಚೀಟಿ ಬರೆದುಕೊಟ್ರೆ ನೀವು ಗಾಜು ಉಜ್ತೀರಾ?" ಎಂದು ಗಂಡನ ಮೇಲೆ ಹರಿಹಾಯ್ದಳು. ಅವನು ಅಂಗಡಿಗೆ ಇಳಿದುಹೋದ. ಈಚೆಗೆ ಅವನೇ ಗಾಜು ಉಜ್ಜಿ ಅವನೇ ಕಣ್ಣು ನೋಡಬೇಕಾಗಿತ್ತು. ಅಕ್ಕ ಒಬ್ಬರನ್ನು ಕೂರಿಸಿ ಮೇಲೆ ಹತ್ತಿದರೆ ಅವರು ಪರೀಕ್ಷೆಯ ಅಕ್ಷರಗಳನ್ನು ತಮಗೆ ತಾವೇ ಓದಿಕೊಳ್ಳುತ್ತ ಕೂರುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಅವಳು ಐದು ತುಂಡುಗಳನ್ನು ಕೂಡಿಸಿದಳು. ಮೊದಲ ತುಂಡಿಗೆ ಉಸಿರಾಡು ಎಂದಿತ್ತು. ಮೇ ಎಂದರೆ ನನ್ನ. ಸು ಎಂದರೆ ಒಳ್ಳೆಯ, ಹೃದ್ ಎಂದರೆ ಎದೆ. ಕೊನೆಯದು ಎಷ್ಟು ಹುಡುಕಿದರೂ ತನ್ನ ರೂಪದಲ್ಲಿ ಸಿಗದೆ, ಇ ಎಂಬ ಒಂಟಿ ಅಕ್ಷರದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಸಿಕ್ಕಿತು: ಹೋಗುತ್ತದೆ. ಉಸಿರು, ನನ್ನ ಒಳ್ಳೆಯ ಎದೆ, ಹೋಗುತ್ತದೆ.

ಅವಳು ಪುಸ್ತಕ ಬಿಟ್ಟು ಆಸ್ಪತ್ರೆಗೆ ಫೋನು ಮಾಡಿದಳು. ಅಪ್ಪ ಇಷ್ಟು ದಿನದಿಂದ ಎದೆನೋವು ಎಂದು ಹೇಳಿಕೊಳ್ಳುತ್ತಿದ್ದಾರೆ, ತಾವು ಕಲ್ಲಿನಂತೆ ಕೇಳುತ್ತ ಕೂತಿದ್ದೇವೆ! ಗಾಡಿ ಬಂತು, ಮೇಷ್ಟ್ರನ್ನು ಕುರ್ಚಿ ಸಮೇತ ಮೆಟ್ಟಿಲಿಳಿಸಿದರು, ಎದೆಗೆ ವೈರುಗಳನ್ನು ಅಂಟಿಸಿ ಪಟ್ಟಿ ತೆಗೆದರು. ಡಾಕ್ಟರು ಪಟ್ಟಿ ನೋಡಿ, "ಎದೆ ಗಟ್ಟಿಯಾಗಿದೆಯಲ್ರೀ, ನನ್ನದಕ್ಕಿಂತ ವಾಸಿ. ಯಾಕೆ ಕರ್ಕೊಂಡು ಬಂದ್ರಿ?" ಎಂದರು. ಪುಸ್ತಕದಲ್ಲಿ ಹಾಗಿತ್ತು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ದಾರಿಯುದ್ದಕ್ಕೂ ಮೇಷ್ಟ್ರು ಡ್ರೈವರನಿಗೆ ಅದೇ ವಾಕ್ಯ ಹೇಳುತ್ತಿದ್ದರು.

ಬೇರೆಯವರಾಗಿದ್ದರೆ ಪುಸ್ತಕವನ್ನು ಅಟ್ಟಕ್ಕೆ ಎಸೆಯುತ್ತಿದ್ದರು. ಜೀವನದಲ್ಲಿ ಎಲ್ಲವನ್ನೂ ಅರ್ಧಕ್ಕೆ ಬಿಟ್ಟವಳು ಇದೊಂದನ್ನು ಬಿಡಲಾರದೆ ಹೋದಳು. ತನ್ನ ಅವಸರಕ್ಕೆ ತಾನೇ ಬೈದುಕೊಂಡು, ಭಾನುವಾರ ಅಂಗಡಿ ಮುಚ್ಚಿದ ಮೇಲೆ, ಸು ಎಂಬಲ್ಲಿಂದ ಮೊದಲು ಮಾಡಿ ಒಂದೊಂದೇ ಸಾಲು ಇಳಿದಳು. ಅಷ್ಟು ಕೆಳಗೆ, ಅವಳು ಹಿಂದಿನ ಸಲ ನೋಡದೆ ಹಾರಿದ್ದ ಕಡೆ, ಸು ಮತ್ತು ಹೃದ್ ಒಟ್ಟಿಗೇ ಕೂತಿದ್ದವು: ಒಳ್ಳೆಯ ಎದೆಯವನು, ಗೆಳೆಯ. ಉಸಿರಾಡು ಎಂದುಕೊಂಡಿದ್ದರ ಪಕ್ಕದಲ್ಲೇ ಅದರದೇ ಮುಖದ ಇನ್ನೊಂದು ಪದವಿತ್ತು: ನಾಳೆ. ಹೋಗು ಎಂಬುದರ ಕೆಳಗೆ ಬಾ ಎಂದೂ ಇತ್ತು. ನಾಳೆ ನನ್ನ ಗೆಳೆಯ ಬರುತ್ತಾನೆ.

"ಅಮ್ಮಾ! ಸಿಕ್ತು! ಯಾರೋ ಫ್ರೆಂಡನ್ನ ನೋಡಬೇಕಂತೆ!"

ಅಮ್ಮ ಒಲೆ ಆರಿಸಿ ಬಂದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಬೆಳಕು ಕಂಡಿತು. "ಅಯ್ಯೋ, ಅಷ್ಟು ದಿನದಿಂದ ಕೇಳ್ತಿದ್ದಾರೆ ಪಾಪ" ಎಂದವಳು, "ಇವರಿಗೆ ಫ್ರೆಂಡು ಅಂತ ಇದ್ದಿದ್ದೇ ಒಬ್ಬರು. ಲೆಕ್ಕದ ಮೇಷ್ಟ್ರು" ಎಂದಳು.

ಲೆಕ್ಕದ ಮೇಷ್ಟ್ರು ಒಂದು ಕಾಲಕ್ಕೆ ಮನೆಯವರಂತೆ ಬಂದು ಹೋಗುತ್ತಿದ್ದವರು. ಆಮೇಲೆ ಶಾಲೆಯಲ್ಲಿ ಏನೋ ಮಾತಿಗೆ ಮಾತು ಬೆಳೆದು, ಬರುವುದನ್ನು ನಿಲ್ಲಿಸಿದರು. ಏನು ಜಗಳವೆಂದು ಸಂಸ್ಕೃತದ ಮೇಷ್ಟ್ರು ಮನೆಯಲ್ಲಿ ಹೇಳಿದವರಲ್ಲ. ಇಬ್ಬರೂ ಒಂದೇ ಊರಿನಲ್ಲಿ ಮುದುಕರಾದರು, ಬೀದಿಯಲ್ಲಿ ಎದುರಾದರೆ ಒಬ್ಬರು ಅಂಗಡಿಯ ಬೋರ್ಡು ಓದುತ್ತಿದ್ದರು, ಇನ್ನೊಬ್ಬರು ಕೈಗಡಿಯಾರ ನೋಡುತ್ತಿದ್ದರು. ಅಕ್ಕ ಮರುದಿನ ಬೆಳಗ್ಗೆಯೇ ಅವರ ಮನೆಯ ಬೆಲ್ಲು ಒತ್ತಿದಳು. ಒಂದು ಸಲ ಒತ್ತಿ ಅವಳಿಗೆ ಗೊತ್ತಿಲ್ಲ. ಅವರು ಬಾಗಿಲು ತೆಗೆಯುವವರೆಗೆ ಒತ್ತುತ್ತಲೇ ಇದ್ದಳು.

ವಿಷಯ ಕೇಳಿ ಮುದುಕರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಅವನು ನನ್ನನ್ನ ಕರೆದನಾ? ಅವನ ಬಾಯಿಂದ?"

"ದಿನಾ ಕರೀತಿದ್ದಾರೆ ಸಾರ್. ನಾಳೆ ನನ್ನ ಗೆಳೆಯ ಬರ್ತಾನೆ, ನಾಳೆ ನನ್ನ ಗೆಳೆಯ ಬರ್ತಾನೆ ಅಂತ. ನಮಗೇ ಅರ್ಥ ಆಗಿರಲಿಲ್ಲ."

"ಮೂರ್ಖ" ಎಂದರು ಅವರು. ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷ ಬೇಕಾಯ್ತಾ ಅವನಿಗೆ? ಇರು, ಶರ್ಟು ಬದಲಾಯಿಸಿ ಬರ್ತೀನಿ."

ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಮೆಟ್ಟಿಲಿನ ಕಂಬಿ ಹಿಡಿದು ಹಿಡಿದು ಅವರು ಮೇಲೆ ಬಂದಾಗ ಅಮ್ಮ ಮಂಚದ ಪಕ್ಕಕ್ಕೆ ಮನೆಯ ಒಳ್ಳೆಯ ಕುರ್ಚಿಯನ್ನೇ ತಂದಿಟ್ಟಿದ್ದಳು. ಗಂಡನೂ ಅಂಗಡಿ ಬಿಟ್ಟು ಬಾಗಿಲಲ್ಲಿ ನಿಂತ. ಮುದುಕರು ಕೂತರು, ಗೆಳೆಯನ ಸೋತ ಕೈಯನ್ನು ಎರಡು ಕೈಯಲ್ಲಿ ಹಿಡಿದರು. "ಬಂದಿದೀನಿ ಕಣೋ" ಎಂದರು.

ಮೇಷ್ಟ್ರು ಅವರನ್ನು ನೋಡಿದರು. ನೋಡಿ ಹೇಳಿದರು: "ಶ್ವೋ ಮೇ ಸುಹೃದೇಷ್ಯತಿ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಲೆಕ್ಕದ ಮೇಷ್ಟ್ರು ಮಾತ್ರ ತಲೆ ಒಂದು ಕಡೆ ವಾಲಿಸಿ, ಹುಬ್ಬು ಗಂಟು ಹಾಕಿ ಕೇಳಿದರು. "ಇನ್ನೊಂದ್ಸಲ ಹೇಳು" ಎಂದರು. ಅವರು ಇನ್ನೊಂದು ಸಲ ಹೇಳಿದರು. ಲೆಕ್ಕದ ಮೇಷ್ಟ್ರು ಜೋರಾಗಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ಅಕ್ಕನ ಮುಖ ಕಂಡು ಗಕ್ಕನೆ ನಿಂತರು.

"ಇದು ಪಾಠ ಕಣಮ್ಮ" ಎಂದರು.

"ಏನು?"

"ಪಾಠ. ಇವನ ಕ್ಲಾಸಿನ ಪಾಠ. ನನಗೆ ಸಂಸ್ಕೃತ ಬರಲ್ಲ, ಆದರೆ ಇದನ್ನ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ನನ್ನ ಕ್ಲಾಸು, ಇವನ ಕ್ಲಾಸು ಅಕ್ಕಪಕ್ಕ. ನಡುವೆ ಇದ್ದಿದ್ದು ಹಲಗೆ ಗೋಡೆ. ಇವನು ಒಂದು ವಾಕ್ಯ ಹೇಳೋದು, ಇಡೀ ಕ್ಲಾಸು ಅವನ ಹಿಂದೆ ಅದನ್ನೇ ಕಿರುಚೋದು. ಒಬ್ಬ ಬಾಯಿ ಮುಚ್ಕೊಂಡಿದ್ದರೂ ಮತ್ತೆ ಅದೇ ವಾಕ್ಯ. ಎಲ್ಲಾ ಹೇಳೋವರೆಗೂ ಮುಂದಿನದಕ್ಕೆ ಹೋಗೋನೇ ಅಲ್ಲ, ಬೆಲ್ಲು ಹೊಡೆದ್ರೂ ಬಿಡೋನಲ್ಲ. ಇದಕ್ಕೇ ನಮ್ಮಿಬ್ಬರಿಗೆ ಜಗಳ ಆಗಿದ್ದು. ನಿನ್ನ ಕೂಗಾಟದಲ್ಲಿ ನನ್ನ ಹುಡುಗರಿಗೆ ಒಂದು ಲೆಕ್ಕ ತಲೆಗೆ ಹತ್ತಲ್ಲ, ಬಾಯಿ ಮುಚ್ಚಿಸ್ತೀಯೋ ಇಲ್ವೋ ಅಂದೆ. ಅವತ್ತಿಂದ ಅವನು ನನ್ನ ಹತ್ತಿರ ಬಾಯಿ ಮುಚ್ಚಿದ."

ಅಷ್ಟರಲ್ಲಿ ಮೇಷ್ಟ್ರು ಮತ್ತೆ ಮಂಚ ಬಡಿಯಲು ಶುರು ಮಾಡಿದ್ದರು. ಲೆಕ್ಕದ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಹಳೆಯ ಕ್ಲಾಸಿನ ರಾಗದಲ್ಲಿ, ಎತ್ತಿದ ದನಿಯಲ್ಲಿ ಹೇಳಿದರು: "ಶ್ವೋ ಮೇ ಸುಹೃದೇಷ್ಯತಿ!"

ಬಡಿಯುತ್ತಿದ್ದ ಕೈ ನಿಂತಿತು. ಮೇಷ್ಟ್ರು ತಲೆಯಾಡಿಸಿದರು. ಮುಖದ ಬಿಗಿ ಸಡಿಲಾಯಿತು. ಅವರು ಉಸಿರು ತೆಗೆದುಕೊಂಡು, ಇಷ್ಟು ದಿನದಲ್ಲಿ ಯಾರೂ ಕೇಳದ ಹೊಸದೊಂದನ್ನು ಹೇಳಿದರು: "ಸ ಫಲಾನ್ಯಾನೇಷ್ಯತಿ."

"ನೋಡಿದ್ಯಾ? ಈಗ ಆ ಗೆಳೆಯ ಹಣ್ಣು ತರ್ತಾನೆ. ಆಮೇಲೆ ಎಲ್ಲರೂ ಕೂತು ತಿಂತಾರೆ. ಮೊದಲನೇ ವಾಕ್ಯ ಯಾರೂ ಹಿಂದೆ ಹೇಳ್ಲಿಲ್ಲ, ಅದಕ್ಕೇ ಅಲ್ಲೇ ನಿಂತಿದ್ದ ಇವನು."

ಅಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕನಿಗೆ ಮಾತ್ರ ತಿಳಿದಿತ್ತು. ಅವಳ ಮುಖ ಕೆಂಪೇರಿತ್ತು. "ಹಾಗಾದ್ರೆ ಅವರು ನಮಗೆ ಏನೂ ಹೇಳ್ತಿರಲಿಲ್ಲ" ಎಂದಳು.

"ಇಲ್ಲ ಕಣಮ್ಮ" ಎಂದು ಮುದುಕರು ಗೆಳೆಯನ ಕೈಯನ್ನು ನೋಡುತ್ತ ಹೇಳಿದರು. "ನನ್ನನ್ನೂ ಕರೆದಿರಲಿಲ್ಲ. ಇರ್ಲಿ, ಬಂದಾಗಿದೆ. ಕೂತ್ಕೋತೀನಿ."

ಅಕ್ಕ ಕೂರಲಿಲ್ಲ. ದಡದಡ ಇಳಿದು ಅಂಗಡಿಗೆ ಹೋದಳು. ಅವಮಾನ, ಸಿಟ್ಟು, ಅಳು ಮೂರೂ ಒಟ್ಟಿಗೆ ನುಗ್ಗಿದ್ದವು, ಯಾವುದಕ್ಕೆ ಮೊದಲು ದಾರಿ ಬಿಡಬೇಕೋ ಗೊತ್ತಾಗದೆ ಫ್ರೇಮುಗಳನ್ನೆಲ್ಲ ಸ್ಟ್ಯಾಂಡಿನಿಂದ ಕಿತ್ತು ಒರೆಸಿದಳು, ಮತ್ತೆ ಸಿಕ್ಕಿಸಿದಳು, ಮತ್ತೆ ಕಿತ್ತಳು. ಭೂತಗನ್ನಡಿ ಸಿಕ್ಕಿಸಿಕೊಂಡು ಕಣ್ಣು ಊದಿಸಿಕೊಂಡದ್ದು, ಸರಿಯಿದ್ದ ಎದೆಗೆ ವೈರು ಅಂಟಿಸಿದ್ದು, ಒಬ್ಬ ಮುದುಕರನ್ನು ಇಸ್ತ್ರಿ ಶರ್ಟು ಹಾಕಿಸಿ ಎಳೆದು ತಂದದ್ದು. ಎಲ್ಲ ಮಾಡಿ ಸಿಕ್ಕಿದ್ದೇನು? ಅಂದು ಅವಳನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ ಅದೇ ಕ್ಲಾಸು. ಸಾಯುವ ಹೊತ್ತಿಗೂ ಅಪ್ಪ ಊರಿನ ಮಕ್ಕಳಿಗೇ ಪಾಠ ಹೇಳುತ್ತಿದ್ದಾರೆ, ಹೆತ್ತ ಮಗಳಿಗೆ ಒಂದು ಮಾತಿಲ್ಲ.

ಆಮೇಲೆ ಕೆಲವು ದಿನ ಅವಳು ಅಪ್ಪನ ಕೋಣೆಯ ಕಡೆ ಸುಳಿಯಲಿಲ್ಲ. ಅಂಗಡಿಯಲ್ಲಿ ಕೆಲಸ ಎಂದಳು. ಕೆಲಸ ಮಾಡಲು ಮನಸ್ಸಿರಲಿಲ್ಲ. ಒಬ್ಬರ ನಂಬರು ಇನ್ನೊಬ್ಬರ ಚೀಟಿಗೆ ಬರೆದು, ಗಂಡ ಉಜ್ಜಿದ ಗಾಜು ದಂಡವಾಯಿತು. ಅವನು ಹೊಸ ಗಾಜು ತೆಗೆದು ಮತ್ತೆ ಉಜ್ಜಿದ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಲೆಕ್ಕದ ಮೇಷ್ಟ್ರು ಎರಡು ಸಲ ಬಂದು ಹೋದರು. ಅವರು ಇದ್ದಷ್ಟು ಹೊತ್ತು ಮೇಲಿಂದ ಇಬ್ಬರು ಮುದುಕರ ಕೂಗು ಅಂಗಡಿಯವರೆಗೂ ಕೇಳುತ್ತಿತ್ತು. ಅವರು ಹೋದ ಮೇಲೆ ಮತ್ತೆ ಮೇಲಿಂದ ಮಂಚ ಬಡಿಯುವ ಸದ್ದು. ಅಮ್ಮ ಇಳಿದು ಬಂದು ಬಾಗಿಲಲ್ಲಿ ನಿಂತಳು.

"ನೀನು ಬಂದು ಒಂದ್ಸಲ ಹೇಳಬಾರ್ದಾ?"

"ನೀನೇ ಹೇಳು."

"ನನಗೆ ನಾಲಿಗೆ ಹೊರಳಲ್ಲ. ಹೇಳಿದೆ. ನನ್ನ ಕಡೆ ನೋಡಲೂ ಇಲ್ಲ."

"ನನ್ನ ಕಡೆ ಯಾವಾಗ ನೋಡಿದ್ರು?" ಎಂದಳು ಅಕ್ಕ. ಅಮ್ಮ ಮೇಲೆ ಹೋದಳು. ಬಡಿತ ನಿಲ್ಲಲಿಲ್ಲ. ಅಂಗಡಿಯಲ್ಲಿದ್ದ ಹೆಂಗಸೊಬ್ಬಳು, "ಮೇಲೆ ಏನಾದರೂ ರಿಪೇರಿನಾ?" ಎಂದು ಕೇಳಿದಳು. ಅಕ್ಕ ಅವಳ ಮೂಗಿನ ಮೇಲಿದ್ದ ಫ್ರೇಮು ತೆಗೆದು ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿದಳು.

ಜಗಳವಾಡಿ ಬರಬೇಕೆಂದೇ ಹೋಗಿದ್ದಳು. ಮಾತು ಬಾರದವರ ಜೊತೆ ಹೇಗೆ ಜಗಳವಾಡುವುದೆಂದು ಯೋಚಿಸಿರಲಿಲ್ಲ. ಅವಳು ಕೋಣೆಗೆ ಕಾಲಿಟ್ಟದ್ದೇ ಅಪ್ಪ ಹೇಳಿದರು: "ಶ್ವೋ ಮೇ ಸುಹೃದೇಷ್ಯತಿ." ಹೇಳಿ ಕಾದರು. ಇಷ್ಟು ದಿನ ಅವಳು ಆ ಮಾತನ್ನಷ್ಟೇ ಹಿಡಿದುಕೊಂಡು ಪುಸ್ತಕಕ್ಕೆ ಓಡಿದ್ದಳು, ಅವರು ಕಾಯುವುದನ್ನು ನಿಂತು ನೋಡಿರಲಿಲ್ಲ. ಈಗ ನೋಡಿದಳು. ಅವರ ಕಣ್ಣು ಅವಳ ತಲೆಯ ಮೇಲಿಂದ ಹಾಯ್ದು, ಎಡಗೋಡೆಯಿಂದ ಬಲಗೋಡೆಗೆ, ಬೆಂಚಿನಿಂದ ಬೆಂಚಿಗೆ ಎಂಬಂತೆ ನಿಧಾನವಾಗಿ ಸರಿಯಿತು. ಕೋಣೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಅವರ ಮುಖದಲ್ಲಿ ಸಿಟ್ಟಿಗಿಂತ ಮೊದಲು ಬಂದದ್ದು ಭಯ. ಇಡೀ ಕ್ಲಾಸಿಗೆ ಕ್ಲಾಸೇ ತನ್ನ ಮಾತು ಕೇಳದೆ ಹೋದ ಮೇಷ್ಟ್ರ ಭಯ. ಕೈ ಮಂಚದ ಕಡೆಗೆ ಎದ್ದಿತು.

"ಶ್ವೋ ಮೇ ಸುರುದೇಶತಿ" ಎಂದಳು ಅಕ್ಕ.

ಕೈ ಗಾಳಿಯಲ್ಲೇ ನಿಂತಿತು. ಕಣ್ಣು ಗೋಡೆಯಿಂದ ಹೊರಳಿ, ಅಷ್ಟು ದೂರದಿಂದ ಬಂದು, ಅವಳ ಬಾಯಿಯ ಮೇಲೆ ನೆಟ್ಟಿತು.

"ಸು-ಹೃ-ದೇಷ್ಯತಿ" ಎಂದರು. ತೊದಲಿದರೂ ಬಿಡಿಸಿ ಬಿಡಿಸಿ ಹೇಳಿದರು.

"ಸುಹೃದೇಶತಿ."

ತಲೆ ಅಡ್ಡಡ್ಡ ಆಡಿಸಿದರು. ಎಡಗೈಯ ಬೆರಳು ತಮ್ಮ ವಾಲಿದ ತುಟಿಗೆ ಹೋಯಿತು. ಇಲ್ಲಿ ನೋಡು, ನಾಲಿಗೆ ಇಲ್ಲಿಗೆ ತಾಗಬೇಕು ಎಂದು ತೋರಿಸಿದರು. ಸೊಟ್ಟಗಾದ ಬಾಯಲ್ಲಿ ಅವರಿಗೇ ಅದು ಸರಿಯಾಗಿ ಬರುತ್ತಿರಲಿಲ್ಲ. ಆದರೂ ಬಿಡಲಿಲ್ಲ. ಅವಳು ಹೇಳಿದಳು, ಅವರು ತಿದ್ದಿದರು. ಅವಳು ಸಿಟ್ಟಿನಿಂದ ಹೇಳಿದಳು, ಅವರು ಇನ್ನೂ ಸಿಟ್ಟಿನಿಂದ ತಿದ್ದಿದರು. ಅವಳಿಗೆ ಅಳು ಬಂತು, ಮೂಗು ಸೋರಿತು, ಸೋರುವ ಮೂಗಿನಲ್ಲಿ ಹೇಳಿದ್ದು ಇನ್ನೂ ಕೆಟ್ಟದಾಯಿತು. ಅವರು ಅಳುವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರ ಕ್ಲಾಸಿನಲ್ಲಿ ಅತ್ತ ಮಕ್ಕಳೇನು ಇವಳೊಬ್ಬಳೇ? ಬೆರಳೆತ್ತಿ, ಮತ್ತೆ ಹೇಳು ಎಂದು ಸನ್ನೆ ಮಾಡಿದರು.

ಅವಳು ಮಂಚದ ಅಂಚಿನಲ್ಲಿ ಕೂತಳು. ಕೊನೆಗೊಮ್ಮೆ ಅದು ಸರಿಯಾಗಿ ಬಂತು. ಅಪ್ಪನ ಮುಖದಲ್ಲಿ ಒಂದು ಪಕ್ಕ ಮಾತ್ರ ನಕ್ಕಿತು. ಅವರು ಕೂಡಲೇ ಮುಂದಿನದಕ್ಕೆ ಹೋದರು, ಹಣ್ಣಿನದಕ್ಕೆ. ಅದನ್ನೂ ದಾಟಿಸಿದಳು. ತಿನ್ನುವುದು ಬಂತು, ಅದೂ ಆಯಿತು. ಅದರ ಮುಂದಿನದು ಲೆಕ್ಕದ ಮೇಷ್ಟ್ರೂ ಹೇಳಿರದ ವಾಕ್ಯ, ಉದ್ದದ್ದು, ಕೇಳಿದರೆ ಒಂದು ಪದವೂ ಗುರುತು ಹತ್ತಲಿಲ್ಲ. ಏನಿರಬಹುದು ಅದರಲ್ಲಿ, ಯಾರಿಗೆ ಯಾರು ಏನು ಹೇಳುತ್ತಾರೆ, ಅವಳಿಗೆ ಗೊತ್ತಾಗಲಿಲ್ಲ. ಅವಳು ಅದನ್ನು ಬಾಯಲ್ಲಿ ಹಿಡಿದು ಹೊರಳಿಸುತ್ತಿದ್ದಾಗ ಫೋನು ಗುಂಯ್ಗುಟ್ಟಿತು.

ಕೆಳಗಿನಿಂದ ಗಂಡ. "ಎಲ್ಲಿದ್ದೀಯ? ಆ ಹೆಂಗಸು ಕಾಯ್ತಾ ಇದಾರೆ. ಬೇರೆ ಇಬ್ಬರು ಬಂದಿದ್ದಾರೆ. ಅಲ್ಲಿ ಏನಾಗ್ತಿದೆ?"

ಅಪ್ಪ ಪಾಠ ನಿಲ್ಲಿಸಿ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಅಕ್ಕ ಫೋನನ್ನು ಸೆರಗಿನ ಮರೆಗೆ ಎಳೆದುಕೊಂಡು, ತಲೆ ತಗ್ಗಿಸಿ, ಹಿಂದಿನ ಬೆಂಚಿನ ಹುಡುಗಿಯ ಹಾಗೆ ಪಿಸುಗುಟ್ಟಿದಳು:

"ಈಗ ಮಾತಾಡೋಕಾಗಲ್ಲ ರೀ. ಮೇಷ್ಟ್ರು ನನ್ನನ್ನೇ ನೋಡ್ತಿದ್ದಾರೆ."